ಮಾರ್ದನಿ ಹುಟ್ಟಿದ ಎರಡು ಮನೆಗಳು

ಲಂಡನ್ನಿನ ಸೇಂಟ್ ಜಾನ್ಸ್ ವುಡ್ ಬಡಾವಣೆ ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ. ಲಾರ್ಡ್ಸ್ ಕ್ರಿಕೆಟ್ ಮೈದಾನ ಇರುವುದು ಇಲ್ಲಿಯೇ. 1983ರ ಜೂನ್ 25ರಂದು ಕಪಿಲ್ ದೇವ್ ವಿಶ್ವಕಪ್ ಎತ್ತಿ ಹಿಡಿದಾಗ ಆ ತಂಡದಲ್ಲಿ ನಮ್ಮ ರೋಜರ್ ಬಿನ್ನಿ, ಸಯ್ಯದ್ ಕಿರ್ಮಾನಿ ಇದ್ದರು. 1996ರಲ್ಲಿ ರಾಹುಲ್ ದ್ರಾವಿಡ್ ತಮ್ಮ ಮೊದಲ ಟೆಸ್ಟ್‌ನಲ್ಲಿ 95 ರನ್ ಗಳಿಸಿ, ಶತಕಕ್ಕೆ ಐದೇ ರನ್ ಬೇಕಿದ್ದಾಗ ಔಟಾದದ್ದೂ ಇದೇ ಮೈದಾನದಲ್ಲಿ.

ಆದರೆ ಸೇಂಟ್ ಜಾನ್ಸ್ ವುಡ್ ಭೂಗತ ರೈಲು ನಿಲ್ದಾಣದಿಂದ ಮೇಲೆ ಬರುವ ಪ್ರವಾಸಿಗರಲ್ಲಿ ಎಲ್ಲರೂ ಲಾರ್ಡ್ಸ್ ಕಡೆ ತಿರುಗುವುದಿಲ್ಲ. ಒಂದು ಗುಂಪು ರಸ್ತೆ ದಾಟಿ ಗ್ರೋವ್ ಎಂಡ್ ರಸ್ತೆಯನ್ನು ಹಿಡಿಯುತ್ತದೆ. ಐದು ನಿಮಿಷದ ನಡಿಗೆ. ಎದುರಿಗೆ ಕಪ್ಪು ಬಿಳಿ ಪಟ್ಟೆಯ ಒಂದು ಕಾಲುದಾರಿ; ಅದರಾಚೆ ತಗ್ಗು ಗೋಡೆ, ಕಂಬಿಯ ಬೇಲಿ, ಬೇಲಿಯ ಹಿಂದೆ ಬಿಳಿ ಬಣ್ಣದ ಹಳೆಯ ಬಂಗಲೆ. ಬೀಟಲ್ಸ್ ತಂಡದ ನಾಲ್ವರು 1969ರ ಆಗಸ್ಟ್ 8ರಂದು ಸಾಲಾಗಿ ರಸ್ತೆ ದಾಟುವ ಚಿತ್ರ ತೆಗೆದದ್ದು ಈ ಪಟ್ಟೆಗಳ ಮೇಲೆ. ಅಂದಿನಿಂದ ಇಲ್ಲಿ ರಸ್ತೆ ದಾಟುವವರ ಸಾಲು ಮುಗಿದಿಲ್ಲ. ವಾಹನ ಓಡಿಸುವವರು ಬ್ರೇಕು ಒತ್ತಿ, ಗೊಣಗಿ, ಕಾಯುತ್ತಾರೆ. ತಗ್ಗು ಗೋಡೆಯ ಮೇಲೆ ಜಗತ್ತಿನ ಅನೇಕ ಭಾಷೆಗಳಲ್ಲಿ ಹೆಸರುಗಳನ್ನು ಗೀಚಲಾಗಿದೆ. ಆಗಾಗ ಸುಣ್ಣಬಣ್ಣ ಬಳಿಯುತ್ತಾರೆ. ಮತ್ತೆ ಗೀಚಲು ಅದು ಹೊಸ ಹಲಗೆಯಾಗುತ್ತದೆ, ಅಷ್ಟೆ.

ಫೋಟೋ ತೆಗೆಸಿಕೊಂಡು ಹಿಂದಿರುಗುವ ಬಹುಮಂದಿಗೆ ತಿಳಿಯದ ಸಂಗತಿ ಒಂದಿದೆ. ಇಂದು ಕಂಪ್ಯೂಟರಿನಲ್ಲಿ ಹಾಡು ಸಿದ್ಧಪಡಿಸುವವರು ಬಳಸುವ 'ಡಿಲೇ', 'ಕೋರಸ್', 'ಫ್ಲ್ಯಾಂಜರ್', 'ಫೇಸರ್' ಎಂಬ ಗುಂಡಿಗಳ ಪೈಕಿ ಹಲವು ಕಲಿತು ಬೆಳೆದದ್ದು ಇಂಥ ಮನೆಗಳಲ್ಲಿ. ಒಂದು ಮನೆ ಈ ಬಿಳಿ ಬಂಗಲೆ. ಇನ್ನೊಂದು ಇದೇ ಲಂಡನ್ನಿನ ನೈಋತ್ಯದಲ್ಲಿ, ಥೇಮ್ಸ್ ನದಿಯ ಬಾಗಿನಲ್ಲಿರುವ ಬಾರ್ನ್ಸ್ ಎಂಬ ಊರಿನಂಥ ಬಡಾವಣೆಯಲ್ಲಿದೆ. ಮೊದಲನೆಯದು ಇಂದಿಗೂ ಹಾಡುತ್ತಿದೆ. ಎರಡನೆಯದು 2009ರಲ್ಲಿ ಬಾಯಿ ಮುಚ್ಚಿತು. ಎರಡರ ದನಿಯೂ ಮಾತ್ರ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳಲ್ಲಿದೆ. ಮನೆ ಹೋದರೂ ಅದರ ದನಿ ಉಳಿದರೆ ಸಾಕೇ? ಈ ಎರಡು ಮನೆಗಳನ್ನು ಒಂದೇ ದಿನ ನೋಡಿ ಬರುವವರನ್ನು ಕಾಡುವ ಪ್ರಶ್ನೆ ಇದು.

ಬಂಗಲೆಯ ಹಿಂದಿನ ಕೋಣೆ

19ನೇ ಶತಮಾನದ ಮೊದಲರ್ಧದಲ್ಲಿ ಕಟ್ಟಿದ ಈ ವಸತಿ ಬಂಗಲೆಯನ್ನು ಗ್ರಾಮೋಫೋನ್ ಕಂಪೆನಿ 1929ರಲ್ಲಿ ಕೊಂಡಿತು. ಬೀದಿಯಿಂದ ನೋಡಿದರೆ ಸಾಧಾರಣ ಮನೆ. ಸ್ಟುಡಿಯೋಗಳು ಇರುವುದು ಹಿಂದೆ, ಹಿತ್ತಲಿದ್ದ ಜಾಗದಲ್ಲಿ. ಅಷ್ಟರಲ್ಲಿ ಇಎಂಐ ಆಗಿದ್ದ ಕಂಪೆನಿ 1931ರ ನವೆಂಬರ್ 12ರಂದು ಇವುಗಳನ್ನು ಉದ್ಘಾಟಿಸಿತು. ಅಂದು ಲಂಡನ್ ಸಿಂಫನಿ ವಾದ್ಯವೃಂದವನ್ನು ನಡೆಸಿದವರು ಸಂಗೀತಕಾರ ಸರ್ ಎಡ್ವರ್ಡ್ ಎಲ್ಗರ್. ಮರುವರ್ಷ ಎಲ್ಗರ್ ಅವರ ವಯೊಲಿನ್ ಕಾನ್ಸರ್ಟೋವನ್ನು ಇಲ್ಲಿ ನುಡಿಸಿದ ಹುಡುಗನಿಗೆ ಹದಿನಾರು ವರ್ಷ. ಹೆಸರು ಯೆಹೂದಿ ಮೆನುಹಿನ್.

ಧ್ವನಿಮುದ್ರಣದವರಿಗೆ ಮೊದಲಿನಿಂದಲೂ ಒಂದು ಪೇಚು ಇತ್ತು. ಮೈಕನ್ನು ಬಾಯಿಯ ಹತ್ತಿರವಿಟ್ಟರೆ ದನಿ ಸ್ಪಷ್ಟ, ಆದರೆ ಒಣಗಿದ ರೊಟ್ಟಿಯಂತೆ. ದೂರವಿಟ್ಟರೆ ಕೋಣೆಯ ಅನುರಣನ ಸೇರಿ ದನಿಗೆ ಜೀವ ಬರುತ್ತದೆ, ಸ್ಪಷ್ಟತೆ ಹೋಗುತ್ತದೆ. ಎರಡೂ ಬೇಕೆಂದರೆ ಏನು ಮಾಡಬೇಕು? ಆಬಿ ರೋಡ್‌ನಲ್ಲಿ ಒಂದೊಂದು ಸ್ಟುಡಿಯೋಗೂ ಒಂದು 'ಪ್ರತಿಧ್ವನಿ ಕೋಣೆ' ಇತ್ತು. ಎರಡನೇ ಸ್ಟುಡಿಯೋದ ಹಿಂದಿನ ಕೋಣೆ ಇವುಗಳಲ್ಲಿ ಹೆಸರಾಂತದ್ದು. ಹಾಡುಗಾರನ ದನಿಯನ್ನು ಹತ್ತಿರದ ಮೈಕಿನಿಂದ ಹಿಡಿದು, ಅದರ ಒಂದು ಪಾಲನ್ನು ತಂತಿಯ ಮೂಲಕ ಆ ಬರಿಗೋಡೆಯ ಕೋಣೆಗೆ ಕಳುಹಿಸಿ, ಅಲ್ಲಿ ಧ್ವನಿವರ್ಧಕದಿಂದ ಹೊರಡಿಸುವುದು. ಗೋಡೆಗಳಿಗೆ ಬಡಿದು ಅಲೆದಾಡಿದ ದನಿಯನ್ನು ಅಲ್ಲಿಯೇ ಇರುವ ಇನ್ನೊಂದು ಮೈಕಿನಿಂದ ಹಿಡಿದು ಮೂಲಕ್ಕೆ ಬೆರೆಸುವುದು. ಕೋಣೆಯೊಳಗೆ ಒಳಚರಂಡಿಗೆ ಬಳಸುವ ಮೆರುಗಿನ ಮಣ್ಣಿನ ಕೊಳವೆಗಳನ್ನು ಕಂಬದಂತೆ ನಿಲ್ಲಿಸಿದ್ದಾರೆ. ದನಿ ಒಂದೇ ದಿಕ್ಕಿಗೆ ಪುಟಿಯದೆ ಚೆದುರಲೆಂದು ಈ ಏರ್ಪಾಡು. ಚರಂಡಿಯ ಕೊಳವೆಗೆ ಇದಕ್ಕಿಂತ ಗೌರವದ ಕೆಲಸ ಬೇರೆಲ್ಲಿಯೂ ಸಿಕ್ಕಿರಲಾರದು!

ಕೋಣೆ ಚಿಕ್ಕದು, ಆದ್ದರಿಂದ ದನಿ ಬಹಳ ಬೇಗ ಮರಳುತ್ತದೆ. ದೊಡ್ಡ ಸಭಾಂಗಣದ ಭ್ರಮೆ ಬರಬೇಕಾದರೆ ಮೂಲ ದನಿಗೂ ಅನುರಣನಕ್ಕೂ ನಡುವೆ ಒಂದಿಷ್ಟು ಬಿಡುವು ಬೇಕು. ಅದಕ್ಕಾಗಿ ದನಿಯನ್ನು ಕೋಣೆಗೆ ಕಳುಹಿಸುವ ಮೊದಲು ಟೇಪು ಯಂತ್ರವೊಂದರ ಮೂಲಕ ಹಾಯಿಸತೊಡಗಿದರು. ಟೇಪು ಯಂತ್ರದಲ್ಲಿ ಬರೆಯುವ ಹೆಡ್ಡು ಬೇರೆ, ಓದುವ ಹೆಡ್ಡು ಬೇರೆ. ಇವೆರಡರ ನಡುವೆ ಸ್ವಲ್ಪ ಅಂತರ. ಟೇಪು ಸೆಕೆಂಡಿಗೆ 15 ಅಂಗುಲ ಓಡುತ್ತಿದ್ದು, ಅಂತರ ಎರಡು ಅಂಗುಲವೆಂದುಕೊಂಡರೆ, ಬರೆದದ್ದು ಓದುವ ಹೆಡ್ಡಿಗೆ ಬರಲು ಸುಮಾರು 133 ಮಿಲಿಸೆಕೆಂಡ್ ಬೇಕು. ವೇಗವನ್ನು ಅರ್ಧಕ್ಕಿಳಿಸಿದರೆ ವಿಳಂಬ ದುಪ್ಪಟ್ಟು. ಡಿಲೇ ಎಂದರೆ ಇಷ್ಟೇ: ದೂರವನ್ನು ವೇಗದಿಂದ ಭಾಗಿಸಿದರೆ ಬರುವ ಕಾಲ. ಎಂಟನೇ ತರಗತಿಯ ಲೆಕ್ಕ.

ಗುಮ್ಮಟದ ಅಳತೆಗೋಲು

ಈ ಲೆಕ್ಕವನ್ನು ಅರಿಯಲು ನಮ್ಮ ಕಡೆಯವರಿಗೆ ವಿಜಯಪುರದ ಗೋಲಗುಮ್ಮಟಕ್ಕಿಂತ ಒಳ್ಳೆಯ ಅಳತೆಗೋಲು ಬೇಡ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ, ಸದ್ದು ಎದುರುಗೋಡೆಗೆ ಹೋಗಿ ಬರಲು 76 ಮೀಟರ್ ಸಾಗಬೇಕು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಎಂದರೆ 220 ಮಿಲಿಸೆಕೆಂಡಿಗೆ ಮೊದಲ ಮಾರ್ದನಿ. ಅದು ಮತ್ತೆ ಹೋಗಿ ಮತ್ತೆ ಬರುತ್ತದೆ, ಪ್ರತಿ ಸಲವೂ ಕ್ಷೀಣಿಸುತ್ತದೆ. ಆದಿಲ್‌ಶಾಹಿ ಅರಸ ಮಹಮ್ಮದನ ಈ ಗೋರಿಯಲ್ಲಿ ಏಳಕ್ಕೂ ಹೆಚ್ಚು ಬಾರಿ ಮರಳುವ ದನಿಯನ್ನು ಶಾಲಾ ಪ್ರವಾಸದಲ್ಲಿ ಕೂಗಿ ಕೇಳದ ಮಕ್ಕಳು ಕಡಿಮೆ.

ಕಿವಿಗೆ ಒಂದು ಮಿತಿಯಿದೆ. ಮೂವತ್ತು ನಲವತ್ತು ಮಿಲಿಸೆಕೆಂಡಿನೊಳಗೆ ಮರಳಿದ ದನಿಯನ್ನು ಅದು ಬೇರೆ ಎಂದು ಗುರುತಿಸುವುದಿಲ್ಲ. ಮೂಲದೊಂದಿಗೇ ಸೇರಿಸಿಕೊಂಡು, 'ದನಿ ದಪ್ಪವಾಗಿದೆ' ಎನ್ನುತ್ತದೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ 1949ರಲ್ಲಿ ಇದನ್ನು ವಿವರವಾಗಿ ತೋರಿಸಿದ. ಆ ಗಡಿ ದಾಟಿದರೆ ಮಾರ್ದನಿ ಬಿಡಿಯಾಗಿ ಕೇಳತೊಡಗುತ್ತದೆ. ಇಡೀ ಡಿಲೇ ಕುಟುಂಬದ ಪಾಲು ಪಟ್ಟಿ ಈ ಗಡಿಯ ಮೇಲೆ ನಿಂತಿದೆ: ಒಂದರಿಂದ ಹತ್ತು ಮಿಲಿಸೆಕೆಂಡ್ ಆದರೆ ಫ್ಲ್ಯಾಂಜರ್, ಹದಿನೈದರಿಂದ ಮೂವತ್ತು ಆದರೆ ಕೋರಸ್, ಎಂಬತ್ತರಿಂದ ನೂರೈವತ್ತು ಆದರೆ ಹಳೆಯ ರಾಕ್ ಅಂಡ್ ರೋಲ್ ಹಾಡುಗಳ 'ಚಪ್ಪಾಳೆ ಪ್ರತಿಧ್ವನಿ', ಅದಕ್ಕೂ ಮೇಲೆ ಗೋಲಗುಮ್ಮಟ.

ಎರಡು ಬಾರಿ ಹಾಡುವ ಶಿಕ್ಷೆ

ಮತ್ತೆ ಬಿಳಿ ಬಂಗಲೆಗೆ ಬರೋಣ. 1963ರಿಂದೀಚೆಗೆ ಬೀಟಲ್ಸ್ ಹಾಡುಗಳಲ್ಲಿ ಒಂದೇ ದನಿಯನ್ನು ಇಮ್ಮಡಿಯಾಗಿ ಕೇಳಿಸುವ ರೂಢಿ ಬೆಳೆಯಿತು. ಭಜನೆಯಲ್ಲಿ ನಾಲ್ಕು ಜನ ಸೇರಿ ಹಾಡಿದಾಗ ಒಬ್ಬೊಬ್ಬರ ಶ್ರುತಿ, ಕಾಲ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಆ ಸಣ್ಣ ವ್ಯತ್ಯಾಸವೇ ಗುಂಪಿನ ದನಿಗೆ ಮೈ ತುಂಬಿಸುತ್ತದೆ. ಒಬ್ಬನೇ ಹಾಡುಗಾರನಿಂದ ಇದನ್ನು ಪಡೆಯಲು ಅವನು ಅದೇ ಹಾಡನ್ನು, ಅದೇ ಉಸಿರು ಅದೇ ಎಳೆತದಲ್ಲಿ, ಎರಡನೇ ಸಲ ಹಾಡಲೇಬೇಕಿತ್ತು. ಜಾನ್ ಲೆನನ್‌ಗೆ ಇದು ತೀರ ಬೇಸರದ ಕೆಲಸ.

ಸ್ಟುಡಿಯೋದ ತಂತ್ರಜ್ಞ ಕೆನ್ ಟೌನ್ಸೆಂಡ್ 1966ರಲ್ಲಿ ಇದಕ್ಕೊಂದು ಉಪಾಯ ಹುಡುಕಿದರು. ಉಪಾಯದ ಸ್ವಾರಸ್ಯ ಇಲ್ಲಿದೆ. ನಾಲ್ಕು ಹಾಡುಪಟ್ಟಿಯ ಟೇಪು ಯಂತ್ರದಲ್ಲಿ ಬರೆಯುವ ಹೆಡ್ಡು ಮೊದಲು, ಓದುವ ಹೆಡ್ಡು ಅನಂತರ. ಬರೆಯುವ ಹೆಡ್ಡನ್ನೂ ಓದಲು ಬಳಸಬಹುದು. ಹಾಗೆ ಓದಿದರೆ ದನಿ ಒಂದಿಷ್ಟು ಮುಂಚಿತವಾಗಿ ಸಿಗುತ್ತದೆ. ಟೌನ್ಸೆಂಡ್ ಆ ಮುಂಗಡ ದನಿಯನ್ನು ಇನ್ನೊಂದು ಟೇಪು ಯಂತ್ರಕ್ಕೆ ಕಳುಹಿಸಿದರು. ಅಲ್ಲಿ ಅದು ಬರೆಯಿಸಿಕೊಂಡು, ಓದಿಸಿಕೊಂಡು ಹೊರಬರುವ ಹೊತ್ತಿಗೆ ಮೊದಲ ಯಂತ್ರದಲ್ಲಿ ಅಸಲು ದನಿಯೂ ತನ್ನ ಓದುವ ಹೆಡ್ಡಿಗೆ ತಲುಪಿರುತ್ತದೆ. ಅಸಲು, ನಕಲು ಎರಡೂ ಹೆಗಲಿಗೆ ಹೆಗಲು ಕೊಟ್ಟು ಬರುತ್ತವೆ. ಎರಡನೇ ಯಂತ್ರದ ವೇಗವನ್ನು ವಿದ್ಯುತ್ ಆಂದೋಲಕವೊಂದರಿಂದ ತುಸು ಏರಿಸಿ ಇಳಿಸಿದರೆ ನಕಲು ಕೆಲವು ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ, ಅಥವಾ ಅಸಲಿಗಿಂತ ಮುಂದೆಯೇ ಬಂದುಬಿಡುತ್ತದೆ! ವೇಗ ಬದಲಾಗುವಾಗ ಶ್ರುತಿಯೂ ಅಷ್ಟಿಷ್ಟು ಅಲುಗುತ್ತದೆ. ಕಿವಿ ಮೋಸಹೋಗಿ, 'ಇಬ್ಬರು ಹಾಡುತ್ತಿದ್ದಾರೆ' ಎನ್ನುತ್ತದೆ.

ಇದಕ್ಕೆ 'ಎಡಿಟಿ' ಎಂಬ ಹೆಸರು ಬಿತ್ತು. 1966ರ ಆಗಸ್ಟಿನಲ್ಲಿ ಹೊರಬಂದ 'ರಿವಾಲ್ವರ್' ಧ್ವನಿಮುದ್ರಿಕೆಯಲ್ಲಿ ಇದನ್ನು ಧಾರಾಳವಾಗಿ ಬಳಸಲಾಯಿತು. ಇದು ಹೇಗೆ ಕೆಲಸ ಮಾಡುತ್ತದೆಂದು ಲೆನನ್ ಕೇಳಿದಾಗ, ನಿರ್ಮಾಪಕ ಜಾರ್ಜ್ ಮಾರ್ಟಿನ್ ತಮಾಷೆಗೆ ಅರ್ಥವಿಲ್ಲದ ಒಂದು ಉದ್ದ ವಿವರಣೆ ಕೊಟ್ಟರೆಂದೂ, ಅದರಲ್ಲಿದ್ದ 'ಫ್ಲ್ಯಾಂಜ್' ಎಂಬ ಮಾತನ್ನು ಲೆನನ್ ಹಿಡಿದುಕೊಂಡನೆಂದೂ ಕತೆಯಿದೆ. ಟೇಪಿನ ಚಕ್ರದ ಅಂಚಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಪದ ಅಲ್ಲಿಂದ ಬಂತೆನ್ನುವವರೂ ಇದ್ದಾರೆ. ಟೌನ್ಸೆಂಡ್ ಮುಂದೆ ಇಡೀ ಸ್ಟುಡಿಯೋದ ಮುಖ್ಯಸ್ಥರಾದರು.

ತಿರುಗುವ ಪೆಟ್ಟಿಗೆ, ತಂಬೂರಿ ಮತ್ತು ಅಂಗಡಿಯವರು

ಅದೇ 1966ರ ಏಪ್ರಿಲ್ 6ರಂದು 'ಟುಮಾರೋ ನೆವರ್ ನೋಸ್' ಎಂಬ ಹಾಡಿನ ಮುದ್ರಣ ಇಲ್ಲಿ ಶುರುವಾಯಿತು. ಹಿನ್ನೆಲೆಗೆ ತಂಬೂರಿಯ ಝೇಂಕಾರ. ಬೆಟ್ಟದ ತುದಿಯಿಂದ ದಲೈ ಲಾಮಾ ಮಂತ್ರ ಪಠಿಸುತ್ತಿರುವಂತೆ ತನ್ನ ದನಿ ಕೇಳಬೇಕೆಂದು ಲೆನನ್‌ನ ಬೇಡಿಕೆ. ಧ್ವನಿಮುದ್ರಣದ ಹೊಣೆ ಹೊತ್ತಿದ್ದ ಜೆಫ್ ಎಮೆರಿಕ್‌ಗೆ ಆಗ ಇಪ್ಪತ್ತೇ ವರ್ಷ. ಹ್ಯಾಮಂಡ್ ಆರ್ಗನ್ನಿನ ಜೊತೆಗಿರುವ ಲೆಸ್ಲಿ ಎಂಬ ಪೆಟ್ಟಿಗೆಯಲ್ಲಿ ದನಿ ಹೊರಡುವ ಕಹಳೆಯೇ ಗಿರಗಿರನೆ ತಿರುಗುತ್ತದೆ. ಕಹಳೆ ಹತ್ತಿರ ಬರುವಾಗ ಶ್ರುತಿ ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ರೈಲು ಸಿಳ್ಳೆ ಹಾಕುತ್ತ ನಿಲ್ದಾಣ ಹಾದುಹೋಗುವಾಗ ಆಗುವ ಡಾಪ್ಲರ್ ಪರಿಣಾಮವೇ ಇದು. ಆ ಪೆಟ್ಟಿಗೆಯ ಒಳತಂತಿಗಳಿಗೆ ಲೆನನ್‌ನ ದನಿಯನ್ನು ಜೋಡಿಸಿದರು. ಹಾಡಿನ ಮೊದಲರ್ಧದಲ್ಲಿ ಎಡಿಟಿಯ ದನಿ, ಉತ್ತರಾರ್ಧದಲ್ಲಿ ಲೆಸ್ಲಿಯ ದನಿ. ಒಂದೇ ಹಾಡಿನಲ್ಲಿ ವಿಳಂಬ ಒಂದು ಕಡೆ, ಅಲುಗಾಟ ಇನ್ನೊಂದು ಕಡೆ. ಇಂದಿನ ಸಾಫ್ಟ್‌ವೇರಿನಲ್ಲಿ 'ಮಾಡ್ಯುಲೇಶನ್' ಎಂದು ಕರೆಯುವುದು ಈ ಅಲುಗಾಟವನ್ನೇ.

ಈ ಕತೆಯಲ್ಲಿ ಕನ್ನಡ ನೆಲದ ಒಂದು ಎಳೆಯೂ ಇದೆ. ನಮ್ಮ ಜಕನೂರಿನಲ್ಲಿ ಹುಟ್ಟಿ, 1920ರ ದಶಕದಲ್ಲಿ ಇಂಗ್ಲೆಂಡಿಗೆ ಹೋದ ಅಯನದೇವ ಅಂಗಡಿ ತಮ್ಮ ಪತ್ನಿ ಪೆಟ್ರೀಷಿಯಾ ಜೊತೆ 1946ರಲ್ಲಿ ಲಂಡನ್ನಿನಲ್ಲಿ 'ಏಷ್ಯನ್ ಮ್ಯೂಸಿಕ್ ಸರ್ಕಲ್' ಕಟ್ಟಿದರು. ಹದಿನಾರರ ವಯಸ್ಸಿನಲ್ಲಿ ಇದೇ ಸ್ಟುಡಿಯೋದಲ್ಲಿ ವಯೊಲಿನ್ ನುಡಿಸಿದ್ದ ಮೆನುಹಿನ್ ಆ ಸಂಸ್ಥೆಯ ಅಧ್ಯಕ್ಷರಾಗಿದ್ದರು. 1965ರಲ್ಲಿ ಜಾರ್ಜ್ ಹ್ಯಾರಿಸನ್ ಆಬಿ ರೋಡ್‌ನಲ್ಲಿ ಸಿತಾರ್ ನುಡಿಸುತ್ತಿದ್ದಾಗ ತಂತಿ ಕಡಿದು, ಹೊಸ ತಂತಿಗಾಗಿ ಫೋನು ಹೋದದ್ದು ಅಂಗಡಿಯವರ ಮನೆಗೆ ಎನ್ನುತ್ತಾರೆ. ಮರುವರ್ಷ 'ರಿವಾಲ್ವರ್'ನ ಒಂದು ಹಾಡಿಗೆ ತಬಲಾ ನುಡಿಸಿದ ಅನಿಲ್ ಭಾಗವತ್ ಬಂದದ್ದೂ ಈ ಬಳಗದ ಮೂಲಕವೇ. ಸಿತಾರಿನ ತರಬ್ ತಂತಿಗಳು ಮುಟ್ಟದೆಯೇ ಮಿಡಿಯುತ್ತವೆ, ತಂಬೂರಿಯ ಜವಾರಿ ಒಂದೇ ಮೀಟಿನಿಂದ ಹತ್ತು ಸ್ವರ ಹೊಮ್ಮಿಸುತ್ತದೆ. ದನಿಯ ಹಿಂದೊಂದು ದನಿ ಬೇಕೆಂಬ ಹಂಬಲ ಮರದ ಬುರುಡೆ, ಲೋಹದ ತಂತಿಗಳಲ್ಲಿ ಎಂದೋ ಈಡೇರಿತ್ತು. ಟೇಪು ಯಂತ್ರದವರು ಬೇರೆ ದಾರಿಯಲ್ಲಿ ಅದೇ ಊರಿಗೆ ಬಂದರು.

ಬಾರ್ನ್ಸ್‌ನ ಚಿತ್ರಮಂದಿರ

ಎರಡನೇ ಮನೆಗೆ ಹೋಗಲು ಹ್ಯಾಮರ್‌ಸ್ಮಿತ್ ನಿಲ್ದಾಣದಲ್ಲಿ ಇಳಿದು, ಹಳೆಯ ತೂಗುಸೇತುವೆಯ ಮೇಲೆ ಥೇಮ್ಸ್ ದಾಟುವುದು ಸೊಗಸು. 2019ರ ಏಪ್ರಿಲ್‌ನಲ್ಲಿ ಬಿರುಕು ಕಂಡುಬಂದು ಮೋಟಾರು ವಾಹನಗಳಿಗೆ ಈ ಸೇತುವೆಯನ್ನು ಮುಚ್ಚಲಾಯಿತು. ಸೇತುವೆಯಾಚೆ ನೇರ ರಸ್ತೆಯಲ್ಲಿ ನಡೆದರೆ ಚರ್ಚ್ ರೋಡ್. ಪುಟ್ಟ ಅಂಗಡಿಗಳು, ಮರಗಳು, ಕೊಳ. ಮಹಾನಗರದೊಳಗೆ ಒಂದು ಹಳ್ಳಿ ಉಳಿದುಕೊಂಡಂತಿದೆ. ಈ ಬೀದಿಯಲ್ಲಿ 1906ರಲ್ಲಿ ಬೈಫೆಲ್ಡ್ ಹಾಲ್ ಎಂಬ ರಂಗಮಂದಿರ ಎದ್ದಿತು. ಬಳಿಕ ಚಿತ್ರಮಂದಿರವಾಯಿತು, ಟೆಲಿವಿಷನ್ ಸ್ಟುಡಿಯೋ ಆಯಿತು. 1966ರಲ್ಲಿ ಒಲಿಂಪಿಕ್ ಎಂಬ ಧ್ವನಿಮುದ್ರಣ ಸಂಸ್ಥೆ ಇಲ್ಲಿಗೆ ಬಂತು. ರೋಲಿಂಗ್ ಸ್ಟೋನ್ಸ್, ಜಿಮಿ ಹೆಂಡ್ರಿಕ್ಸ್, ಲೆಡ್ ಜೆಪೆಲಿನ್ ಎಲ್ಲರೂ ಈ ಹಳ್ಳಿಯಂಥ ಬೀದಿಗೆ ಬಂದು ಹೋದವರೇ.

1967ರಲ್ಲಿ ಇಲ್ಲಿ 'ಸ್ಮಾಲ್ ಫೇಸಸ್' ತಂಡದ 'ಇಚಿಕೂ ಪಾರ್ಕ್' ಹಾಡು ಸಿದ್ಧವಾಯಿತು. ಅದರ ನಡುವೆ ಡ್ರಮ್ಮಿನ ಸದ್ದು ಇದ್ದಕ್ಕಿದ್ದಂತೆ ಜೆಟ್ ವಿಮಾನ ತಲೆಯ ಮೇಲೆ ಹಾದುಹೋದಂತೆ ಸುಯ್ಯೆನ್ನುತ್ತದೆ. ಇದನ್ನು ಮಾಡಿದವರು ಜಾರ್ಜ್ ಚ್ಕಿಯಾಂಟ್ಸ್ ಎಂಬ ತರುಣ ತಂತ್ರಜ್ಞ. ಇಂಥ ಸದ್ದು ಇದೇ ಮೊದಲೇನಲ್ಲ. 1959ರಲ್ಲಿ ಅಮೆರಿಕದ ಟೋನಿ ಫಿಶರ್ ಹಾಡಿದ 'ದ ಬಿಗ್ ಹರ್ಟ್'ನಲ್ಲೂ ಕೇಳುತ್ತದೆ. ಆದರೆ ಅದು ಮನೆಮಾತಾದದ್ದು ಬಾರ್ನ್ಸ್‌ನಿಂದ. ಅದೇ ವರ್ಷದ ಕೊನೆಗೆ ಹೆಂಡ್ರಿಕ್ಸ್‌ನ 'ಆಕ್ಸಿಸ್: ಬೋಲ್ಡ್ ಆ್ಯಸ್ ಲವ್' ಮುಗಿಯುವುದೂ ಈ ಸುಳಿಯೊಳಗೇ, ಅಲ್ಲಿ ಅದು ಎಡಕಿವಿಯಿಂದ ಬಲಕಿವಿಗೆ ಸರಿಯುತ್ತದೆ.

ಇದರ ಗುಟ್ಟು ಭೌತಶಾಸ್ತ್ರದ ಪುಸ್ತಕದ ವ್ಯತಿಕರಣದ ಪಾಠದಲ್ಲಿದೆ. ಒಂದೇ ಸದ್ದನ್ನು ಎರಡು ಯಂತ್ರಗಳಲ್ಲಿ ಒಟ್ಟಿಗೆ ಓಡಿಸಿ, ಒಂದರ ಚಕ್ರದ ಅಂಚನ್ನು ಹೆಬ್ಬೆರಳಿನಿಂದ ಮೃದುವಾಗಿ ತಡೆದರೆ ಅದು ಕಿಂಚಿತ್ ಹಿಂದೆ ಬೀಳುತ್ತದೆ. ಹಿಂದೆ ಬಿದ್ದದ್ದು ಒಂದು ಮಿಲಿಸೆಕೆಂಡ್ ಎನ್ನಿ. 500 ಹರ್ಟ್ಸ್ ಸ್ವರಕ್ಕೆ ಒಂದು ಮಿಲಿಸೆಕೆಂಡ್ ಎಂದರೆ ಸರಿಯಾಗಿ ಅರ್ಧ ಅಲೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಆ ಸ್ವರ ಅಳಿಸಿಹೋಗುತ್ತದೆ. 1,500, 2,500 ಹರ್ಟ್ಸ್‌ಗಳಿಗೂ ಅದೇ ಗತಿ. 1,000, 2,000 ಹರ್ಟ್ಸ್‌ಗಳಲ್ಲಿ ಉಬ್ಬಿಗೆ ಉಬ್ಬು ಸೇರಿ ಸ್ವರ ಬಲಗೊಳ್ಳುತ್ತದೆ. ನಕ್ಷೆ ಬರೆದರೆ ಬಾಚಣಿಗೆಯ ಹಲ್ಲುಗಳ ಸಾಲು ಕಂಡಂತೆ ಕಾಣುತ್ತದೆ. ವಿಳಂಬ ಹೆಚ್ಚು ಕಡಿಮೆಯಾದಂತೆ ಬಾಚಣಿಗೆ ಸ್ವರಗಳ ಮೇಲೆ ಮೇಲಕ್ಕೂ ಕೆಳಕ್ಕೂ ಸರಿದಾಡುತ್ತದೆ. ವಿಮಾನದ ಸುಯ್ಲೆಂದು ಕೇಳುವುದು ಈ ಬಾಚಣಿಗೆ ಹಾಯ್ದ ಸದ್ದು. ಎರಡು ದೊಡ್ಡ ಯಂತ್ರ, ಒಂದು ಹೆಬ್ಬೆರಳು, ಇಷ್ಟೇ ಸಾಮಗ್ರಿ.

ಗುಂಡಿಯೊಳಗೆ ಅಡಗಿದ ಮನೆ

ಇಂದು ಇವೆಲ್ಲ ಕಂಪ್ಯೂಟರಿನೊಳಗೆ ಬಂದಿವೆ. ಆಬಿ ರೋಡ್‌ನ ಎಡಿಟಿಯನ್ನೂ, ಮಣ್ಣಿನ ಕೊಳವೆಗಳ ಆ ಕೋಣೆಯನ್ನೂ ಅನುಕರಿಸುವ ಸಾಫ್ಟ್‌ವೇರುಗಳನ್ನು 'ವೇವ್ಸ್' ಎಂಬ ಕಂಪೆನಿ ಸ್ಟುಡಿಯೋದ ಸಹಯೋಗದಲ್ಲಿಯೇ ಹೊರತಂದಿದೆ. ಪುಕ್ಕಟೆಯಾಗಿ ದೊರೆಯುವ 'ಆಡಾಸಿಟಿ'ಯಲ್ಲೂ ಎಕೋ, ಫೇಸರ್ ಇವೆ. ಕಂಪ್ಯೂಟರಿನಲ್ಲಿ ಟೇಪೂ ಇಲ್ಲ, ಹೆಡ್ಡೂ ಇಲ್ಲ, ಇರುವುದು ಅಂಕಿಗಳು. ಸೆಕೆಂಡಿಗೆ 44,100 ಅಂಕಿಗಳಂತೆ ದನಿಯನ್ನು ಬರೆದಿಟ್ಟಿರುವಾಗ ಅರ್ಧ ಸೆಕೆಂಡ್ ವಿಳಂಬವೆಂದರೆ 22,050 ಅಂಕಿಗಳನ್ನು ತಡೆದು ಇಟ್ಟುಕೊಳ್ಳುವುದು. ಗಾಣದ ಎತ್ತಿನಂತೆ ಅಂಕಿಗಳು ಒಂದು ವೃತ್ತದಲ್ಲಿ ಸುತ್ತುತ್ತವೆ. ಒಂದು ಜಾಗದಲ್ಲಿ ಬರೆಯುತ್ತದೆ, ಅಷ್ಟು ಹಿಂದಿನ ಜಾಗದಿಂದ ಓದುತ್ತದೆ. ಓದುವ ಜಾಗವನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿದರೆ ಅದೇ ಮಾಡ್ಯುಲೇಶನ್. ಚ್ಕಿಯಾಂಟ್ಸ್ ಕಾಲದ ಹೆಬ್ಬೆರಳಿನ ಕೆಲಸವನ್ನು ಇಲ್ಲಿ ನಿಧಾನಗತಿಯ ಆಂದೋಲಕವೊಂದು ಮಾಡುತ್ತದೆ. ಪರದೆಯ ಮೇಲಿನ 'ರೇಟ್' ಎಂದರೆ ಆಂದೋಲನದ ವೇಗ, 'ಡೆಪ್ತ್' ಎಂದರೆ ಅದು ಎಷ್ಟು ದೂರ ತೂಗುತ್ತದೆ ಎಂಬುದು. 'ಫೀಡ್‌ಬ್ಯಾಕ್' ಎಂದರೆ ಮಾರ್ದನಿಯ ಎಷ್ಟು ಪಾಲನ್ನು ಮತ್ತೆ ಗುಮ್ಮಟಕ್ಕೆ ಕೂಗಿ ಕಳುಹಿಸುತ್ತೇವೆಂಬುದು. ಪ್ರತಿ ಸುತ್ತಿಗೂ ಅರ್ಧ ಉಳಿಸಿಕೊಂಡರೆ ಏಳನೇ ಸುತ್ತಿಗೆ ಉಳಿಯುವುದು 128ರಲ್ಲಿ ಒಂದು ಪಾಲು. ನೂರಕ್ಕೆ ನೂರನ್ನೂ ದಾಟಿಸಿದರೆ ಮಾರ್ದನಿ ಸಾಯದೆ, ಬೆಳೆಯುತ್ತಲೇ ಹೋಗಿ ಕಿರುಚಾಟವಾಗುತ್ತದೆ.

ಹಾಡಿನ ಲಯಕ್ಕೆ ವಿಳಂಬವನ್ನು ಹೊಂದಿಸುವ ಸೂತ್ರವೂ ಸುಲಭ. 60,000ವನ್ನು ನಿಮಿಷಕ್ಕೆ ಬೀಳುವ ಪೆಟ್ಟುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಪೆಟ್ಟಿನ ಅವಧಿ ಮಿಲಿಸೆಕೆಂಡಿನಲ್ಲಿ ಬರುತ್ತದೆ. ನಿಮಿಷಕ್ಕೆ ನೂರು ಪೆಟ್ಟಾದರೆ 600. ಅರ್ಧಕ್ಕೆ 300, ಮುಕ್ಕಾಲಿಗೆ 450. ತಾಳಕ್ಕೆ ಸರಿಯಾಗಿ ಬಿದ್ದ ಮಾರ್ದನಿ ಮೃದಂಗದ ಪಕ್ಕದ ಖಂಜಿರದಂತೆ ಜೊತೆ ನೀಡುತ್ತದೆ. ತಪ್ಪಿ ಬಿದ್ದರೆ ಸಾಹಿತ್ಯವನ್ನು ನುಂಗುತ್ತದೆ.

ಹಳೆಯ ಮನೆಗಳನ್ನು ತಿಳಿದವರಿಗೆ ಇನ್ನೂ ಕೆಲವು ವಿಷಯ ತಾವಾಗಿ ಹೊಳೆಯುತ್ತವೆ. ಗೋಡೆಯೂ ಗಾಳಿಯೂ ಟೇಪೂ ತಾರಸ್ವರಗಳನ್ನು ಬೇಗ ಹೀರುತ್ತವೆ, ಆದ್ದರಿಂದ ಸಹಜ ಮಾರ್ದನಿ ಮೂಲಕ್ಕಿಂತ ಮಬ್ಬಾಗಿರುತ್ತದೆ. ಕಂಪ್ಯೂಟರಿನ ಮಾರ್ದನಿಯಲ್ಲೂ ತಾರವನ್ನು ಸೋಸಿ ತೆಗೆದರೆ ಅದು ಹಾಡುಗಾರನ ಹಿಂದೆ ನಿಲ್ಲುತ್ತದೆ. ತೆಗೆಯದಿದ್ದರೆ ಅವನನ್ನು ತಳ್ಳಿ ಮುಂದೆ ಬರುತ್ತದೆ. ಮಂದ್ರವನ್ನೂ ತುಸು ಕಡಿತ ಮಾಡಬೇಕು, ಇಲ್ಲವಾದರೆ ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತದೆ. ಅಬಿ ರೋಡ್‌ನವರು ದನಿಯ ಒಂದು ಪಾಲನ್ನು ಮಾತ್ರ ಕೋಣೆಗೆ ಕಳುಹಿಸಿ, ಮೂಲವನ್ನು ಮುಟ್ಟದೆ ಉಳಿಸಿಕೊಂಡರು. ಇಂದೂ ಡಿಲೇಯನ್ನು ಪ್ರತ್ಯೇಕ ಮಾರ್ಗದಲ್ಲಿಟ್ಟು ಬೇಕಾದಷ್ಟೇ ಬೆರೆಸುವುದು ಒಳ್ಳೆಯ ಪದ್ಧತಿ. ಕೋರಸ್ ಹಾಕಿದ ಹಾಡನ್ನು ಒಂದೇ ಸ್ಪೀಕರಿನಲ್ಲೂ ಕೇಳಿ ನೋಡಬೇಕು. ಎರಡು ಸ್ಪೀಕರುಗಳಲ್ಲಿ ವಿಶಾಲವಾಗಿ ಕೇಳಿದ್ದು, ಒಂದರಲ್ಲಿ ಬೆರೆತಾಗ ಬಾಚಣಿಗೆಯ ಹಲ್ಲಿಗೆ ಸಿಕ್ಕಿ ಸೊರಗಿಬಿಡಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಅಗತ್ಯ. ಟೌನ್ಸೆಂಡ್ ಅವರ ಉಪಾಯ ಹುಟ್ಟಿದ್ದು ಹಾಡುಗಾರನ ಬೇಸರವನ್ನು ಕಳೆಯಲು. ಕೋಣೆ ಹುಟ್ಟಿದ್ದು ಒಣದನಿಗೆ ಜೀವ ಕೊಡಲು. ಎರಡು ಟನ್ ಭಾರದ ತಲೆನೋವಿಗೆ ಸಮನಾದ ಯಂತ್ರಗಳನ್ನು ಎಳೆದಾಡಿ ಮಾಡಬೇಕಿದ್ದ ಕೆಲಸವಾದ್ದರಿಂದ, ಬೇಡದ ಕಡೆ ಯಾರೂ ಮಾಡುತ್ತಿರಲಿಲ್ಲ. ಇಂದು ಗುಂಡಿ ಒತ್ತಿದರೆ ಸಾಕು. ಕೈಗೆ ಸುಲಭವಾದದ್ದು ಉಪ್ಪಿನಂತೆ ಉಳಿಯದೆ ಅನ್ನದಂತೆ ಬಡಿಸಲ್ಪಡುತ್ತದೆ.

ಉಳಿದ ಮನೆ, ಹೋದ ಮನೆ

2010ರ ಫೆಬ್ರುವರಿಯಲ್ಲಿ ಆಬಿ ರೋಡ್ ಮಾರಾಟಕ್ಕಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಇಎಂಐ ಆಗ ಸಾಲದ ಸುಳಿಯಲ್ಲಿತ್ತು. ಬ್ರಿಟನ್ನಿನ ಉದ್ದಗಲಕ್ಕೂ ಕೂಗೆದ್ದಿತು. ಅದೇ ತಿಂಗಳು ಸರ್ಕಾರ ಕಟ್ಟಡವನ್ನು ಎರಡನೇ ದರ್ಜೆಯ ಸಂರಕ್ಷಿತ ಕಟ್ಟಡವೆಂದು ಘೋಷಿಸಿತು. ಡಿಸೆಂಬರಿನಲ್ಲಿ ಎದುರಿನ ಕಪ್ಪು ಬಿಳಿ ಪಟ್ಟೆಗಳಿಗೂ ಆ ಗೌರವ ಸಿಕ್ಕಿತು. ಮನೆಯ ಒಡೆತನ 2012ರಲ್ಲಿ ಯುನಿವರ್ಸಲ್ ಕಂಪೆನಿಗೆ ಹೋಯಿತು, ಹಾಡು ನಿಲ್ಲಲಿಲ್ಲ. ಮೊದಲನೇ ಸ್ಟುಡಿಯೋದ ವಿಶಾಲ ಅಂಗಳದಲ್ಲಿ ಇಡೀ ವಾದ್ಯವೃಂದ ಕುಳಿತು ಚಲನಚಿತ್ರಗಳಿಗೆ ಸಂಗೀತ ನುಡಿಸುವ ಕೆಲಸ ಮುಂದುವರಿಯಿತು.

ಬಾರ್ನ್ಸ್‌ನ ಒಲಿಂಪಿಕ್‌ಗೆ ಆ ಭಾಗ್ಯವಿರಲಿಲ್ಲ. ಧ್ವನಿಮುದ್ರಣ ಮನೆಮನೆಯ ಕಂಪ್ಯೂಟರಿಗೆ ಸರಿದ ಕಾಲದಲ್ಲಿ, 2009ರಲ್ಲಿ, ಅದು ಬಾಗಿಲು ಹಾಕಿತು. 2013ರಲ್ಲಿ ಅಲ್ಲಿ ಮತ್ತೆ ಚಿತ್ರಮಂದಿರ ತೆರೆಯಿತು, ಉಪಾಹಾರ ಗೃಹದ ಸಮೇತ. ಕಟ್ಟಡ ನೆಲಸಮವಾಗಲಿಲ್ಲ ಎಂಬುದೇ ಸಮಾಧಾನ. ಚಿತ್ರಮಂದಿರವಾಗಿದ್ದುದು ಸುತ್ತಿ ಬಂದು ಚಿತ್ರಮಂದಿರವೇ ಆಯಿತು; ಅದೂ ಒಂದು ಮಾರ್ದನಿ ಎನ್ನಬೇಕೇನೋ.

ಹಾಗಾದರೆ ಮನೆ ಹೋದರೂ ದನಿ ಉಳಿದರೆ ಸಾಕೇ? ವಿಳಂಬದ ಲೆಕ್ಕ ಉಳಿಯುತ್ತದೆ, ನಿಜ. ಅದಕ್ಕೆ ಇನ್ನು ಮನೆಯ ಹಂಗಿಲ್ಲ. ಚ್ಕಿಯಾಂಟ್ಸ್ ಮಾಡಿದ್ದನ್ನು ಇಂದು ಧಾರವಾಡದಲ್ಲೋ ತೀರ್ಥಹಳ್ಳಿಯಲ್ಲೋ ಕುಳಿತ ಹುಡುಗಿಯೊಬ್ಬಳು ಮನೆಯ ಮೇಜಿನ ಮೇಲೆ ಮಾಡಬಲ್ಲಳು. ಇದು ಸಣ್ಣ ಲಾಭವಲ್ಲ. ಒಂದು ಕಾಲಕ್ಕೆ ಲಂಡನ್ನಿನ ಎರಡು ಬೀದಿಗಳಿಗೆ ಸೀಮಿತವಾದ ವಿದ್ಯೆ ಎಲ್ಲರ ಕೈಗೂ ಬಂದಿದೆ. ಆದರೆ ಎಂಬತ್ತು ಜನ ವಾದಕರು ಒಬ್ಬರನ್ನೊಬ್ಬರು ಕೇಳುತ್ತ, ಒಬ್ಬರ ಉಸಿರಿಗೆ ಇನ್ನೊಬ್ಬರು ಬಿಲ್ಲು ಎಳೆಯುವ ಜಾಗವನ್ನು ಅಂಕಿಗಳ ವೃತ್ತದಲ್ಲಿ ಬಚ್ಚಿಡಲು ಬರುವುದಿಲ್ಲ. ಗುಂಡಿ ಉಳಿಸುವುದು ಮನೆಯ ಗೋಡೆಗಳನ್ನು, ಅದರೊಳಗೆ ಕೂಡುತ್ತಿದ್ದವರನ್ನಲ್ಲ. ಆಬಿ ರೋಡ್ ಉಳಿಯಬೇಕೆಂದು ಕೂಗಿದವರು ಕೇವಲ ಹಳೆಯ ಹುಚ್ಚಿನವರಾಗಿರಲಿಲ್ಲ.

ಹೋಗುವವರಿಗೆ

ಆಬಿ ರೋಡ್‌ಗೆ ಹೋಗುವವರು ಜ್ಯುಬಿಲಿ ಮಾರ್ಗದ ಸೇಂಟ್ ಜಾನ್ಸ್ ವುಡ್ ನಿಲ್ದಾಣದಲ್ಲಿ ಇಳಿಯಬೇಕು. 'ಆಬಿ ರೋಡ್' ಎಂಬ ಹೆಸರಿನದೇ ಒಂದು ರೈಲು ನಿಲ್ದಾಣ 2011ರಲ್ಲಿ ಪೂರ್ವ ಲಂಡನ್ನಿನಲ್ಲಿ ತೆರೆದಿದೆ. ಹೆಸರು ನಂಬಿ ಅಲ್ಲಿಗೆ ಹೋದವರು ಪಟ್ಟೆಗಳನ್ನು ಹುಡುಕಿ ಸುಸ್ತಾಗುತ್ತಾರೆ! ಸ್ಟುಡಿಯೋ ಕೆಲಸದ ಜಾಗವಾದ್ದರಿಂದ ಸಾಮಾನ್ಯ ದಿನಗಳಲ್ಲಿ ಒಳಗೆ ಪ್ರವೇಶವಿಲ್ಲ. ಪಕ್ಕದಲ್ಲಿ ಸ್ಟುಡಿಯೋದ ಅಂಗಡಿಯಿದೆ. ರಸ್ತೆ ದಾಟುವಾಗ ಫೋಟೋಗಿಂತ ವಾಹನಗಳ ಕಡೆ ಗಮನವಿರಲಿ. ಲಾರ್ಡ್ಸ್ ಹತ್ತಿರದಲ್ಲೇ ಇರುವುದರಿಂದ ಬೆಳಗಿನ ಹೊತ್ತಿನಲ್ಲಿ ಎರಡನ್ನೂ ನೋಡಿ ಮುಗಿಸಬಹುದು.

ಬಾರ್ನ್ಸ್‌ಗೆ ಹ್ಯಾಮರ್‌ಸ್ಮಿತ್ ಕಡೆಯಿಂದ ಕಾಲ್ನಡಿಗೆಯಲ್ಲಿ ಹೋಗಬಹುದು, ಅಥವಾ ವಾಟರ್‌ಲೂ ನಿಲ್ದಾಣದಿಂದ ರೈಲು ಹಿಡಿಯಬಹುದು. ಒಲಿಂಪಿಕ್‌ಗೆ ಟಿಕೆಟ್ ಕೊಂಡು ಯಾರೂ ಹೋಗಬಹುದು. ದೀಪ ಆರಿ ಚಿತ್ರ ಶುರುವಾಗುವ ಮುನ್ನ ಒಂದು ಕ್ಷಣ ಸುಮ್ಮನೆ ಕುಳಿತು ಆ ಕತ್ತಲನ್ನು ಕೇಳಿಸಿಕೊಳ್ಳಿ. ಹೆಂಡ್ರಿಕ್ಸ್‌ನ ಗಿಟಾರು ಸುಳಿಯಾಗಿ ಸುತ್ತಿದ ಕಟ್ಟಡ ಅದು.